ಪರಿಪೂರ್ಣತೆಯ ಗೀಳು ಮತ್ತು ತೆತ್ತ ಬೆಲೆ: ಕೆಲವು ಶ್ರೇಷ್ಠ ಸಣ್ಣಕಥೆಗಳ ಜಾನಪದೀಯ ವಿವೇಚನೆ

ಚೆಲುವನ್ನು ಅರಸಿ ಹೊರಟವನ ಕಥೆ ಜಗತ್ತಿನ ಎಲ್ಲ ಜನಪದ ಸಾಹಿತ್ಯಗಳಲ್ಲಿಯೂ ದೊರೆಯುತ್ತದೆ. ಚೆಲುವನ್ನು ತಾನೇ ನಿರ್ಮಿಸಲು ಹೊರಟು, ಅದರಲ್ಲಿ ಎಳ್ಳಷ್ಟೂ ಕುಂದು ಉಳಿಯಬಾರದೆಂದು ಹಟ ಹಿಡಿದವನ ಕಥೆಯಾದರೋ ಆಧುನಿಕ ಸಣ್ಣಕಥೆಗೆ ಹೆಚ್ಚು ಪ್ರಿಯವಾದ ವಸ್ತು. ಫ್ರೆಂಚ್ ಲೇಖಕ ಬಾಲ್ಜಾಕ್ ಅವರ ‘ಅಜ್ಞಾತ ಮೇರುಕೃತಿ’ (1831), ಅಮೆರಿಕದ ಎಡ್ಗರ್ ಅಲನ್ ಪೋ ಅವರ ‘ಅಂಡಾಕಾರದ ಭಾವಚಿತ್ರ’ (1842), ಅದೇ ದೇಶದ ನಥಾನಿಯಲ್ ಹಾಥಾರ್ನ್ ಅವರ ‘ಹುಟ್ಟುಮಚ್ಚೆ’ (1843), ಜಪಾನಿನ ಅಕುತಾಗಾವಾ ರ್ಯುನೊಸುಕೆ ಅವರ ‘ನರಕದ ತೆರೆ’ (1918) ಈ ವಸ್ತುವಿನ ನಾಲ್ಕು ಪ್ರಮುಖ ನಿದರ್ಶನಗಳು. ಇವುಗಳ ದೇಶ ಬೇರೆ, ಭಾಷೆ ಬೇರೆ, ಧಾರ್ಮಿಕ ಹಿನ್ನೆಲೆಯೂ ಬೇರೆ. ಆದರೆ ನಾಲ್ಕರ ಒಡಲಲ್ಲಿಯೂ ಒಂದೇ ರಚನೆ ಕಾಣುತ್ತದೆ. ಒಬ್ಬ ಪುರುಷ, ಅವನ ಕೌಶಲ, ಆ ಕೌಶಲಕ್ಕೆ ಗುರಿಯಾದ ಒಬ್ಬ ಹೆಣ್ಣು, ಕೃತಿ ಪೂರ್ಣಗೊಳ್ಳುವ ಗಳಿಗೆಗೆ ಹೊಂದಿಕೊಂಡೇ ಬರುವ ಒಂದು ನಾಶ.

ಈ ಕಥೆಗಳನ್ನು ಸೌಂದರ್ಯಮೀಮಾಂಸೆಯ ದೃಷ್ಟಿಯಿಂದಲೂ ಮನಶ್ಶಾಸ್ತ್ರದ ದೃಷ್ಟಿಯಿಂದಲೂ ಸಾಕಷ್ಟು ಚರ್ಚಿಸಲಾಗಿದೆ. ಪ್ರಸ್ತುತ ಲೇಖನದ ಪ್ರಶ್ನೆ ಅವುಗಳಿಂದ ಭಿನ್ನವಾದುದು. ಪರಿಪೂರ್ಣತೆಗೆ ಒಂದು ಬೆಲೆಯಿದೆ ಎಂಬ ತಿಳಿವಳಿಕೆ ಜನಪದರಿಗೆ ಹಳೆಯದು. ಆ ಬೆಲೆಯನ್ನು ತೆರುವವರು ಯಾರು? ತೆತ್ತವರನ್ನು ಕಥೆ ಹೇಗೆ ನೆನೆಯುತ್ತದೆ? ಈ ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಓದಿದಾಗ ಮೌಖಿಕ ಪರಂಪರೆಗೂ ಆಧುನಿಕ ಸಣ್ಣಕಥೆಗೂ ಇರುವ ನಂಟು ಮತ್ತು ಅಂತರ ಎರಡೂ ಸ್ಪಷ್ಟವಾಗುತ್ತವೆ.

ದತ್ತವಾದ ಚೆಲುವು, ಕೃತಕವಾದ ಚೆಲುವು

ಯೂರೋಪಿನ ಜನಪದ ಕಥೆಗಳ ಶೈಲಿಯನ್ನು ಕುರಿತು 1947ರಲ್ಲಿ ಮಹತ್ವದ ಗ್ರಂಥವನ್ನು ಪ್ರಕಟಿಸಿದ ಸ್ವಿಸ್ ವಿದ್ವಾಂಸ ಮ್ಯಾಕ್ಸ್ ಲ್ಯೂತಿ, ಕಿನ್ನರಕಥೆಯ ಚೆಲುವಿನ ಬಗೆಗೂ ವಿಚಾರಮಾಡಿದ್ದಾರೆ. ಅವರ ಪ್ರಕಾರ ಕಿನ್ನರಕಥೆಯು ಚೆಲುವೆಯ ಕಣ್ಣು ಮೂಗುಗಳನ್ನು ವಿವರಿಸಲು ತೊಡಗುವುದಿಲ್ಲ. ಆ ಚೆಲುವು ನೋಡಿದವರ ಮೇಲೆ ಉಂಟುಮಾಡುವ ಪರಿಣಾಮವನ್ನಷ್ಟೇ ಹೇಳುತ್ತದೆ. ನಮ್ಮ ಅಜ್ಜಿಕಥೆಗಳ ರಾಜಕುಮಾರಿಯೂ ಹಾಗೆಯೇ. ಅವಳು ಚೆಲುವೆ ಎಂದರೆ ಮುಗಿಯಿತು. ಯಾವ ರೀತಿಯ ಚೆಲುವೆ ಎಂದು ಕೇಳುವ ಮಗುವಿಲ್ಲ. ಅಲ್ಲಿ ಚೆಲುವು ಹುಟ್ಟಿನಿಂದಲೋ ವರದಿಂದಲೋ ಬಂದದ್ದು. ಅದನ್ನು ಯಾರೂ ತಿದ್ದಬೇಕಾಗಿಲ್ಲ.

ಸಣ್ಣಕಥೆಯಲ್ಲಿ ಈ ಸ್ಥಿತಿ ಬದಲಾಗುತ್ತದೆ. ಅಲ್ಲಿ ಚೆಲುವು ಇನ್ನೂ ಮುಗಿಯದ ಕೆಲಸ. ಕುಂಚ, ಬಣ್ಣ, ರಸಾಯನ ಮುಂತಾದ ಸಾಧನಗಳಿಂದ ಅದನ್ನು ಸಾಧಿಸಬೇಕು. ಸಾಧಿಸುವವನಿಗೆ ಕಣ್ಣಮುಂದಿನ ವಸ್ತುವಿಗಿಂತ ಮನಸ್ಸಿನೊಳಗಿನ ಮಾದರಿಯೇ ಹೆಚ್ಚು ನಿಜ. ಗೀಳು ಹುಟ್ಟುವುದು ಈ ಅಂತರದಲ್ಲಿ.

ಬಾಲ್ಜಾಕ್: ಕಾಣದೆ ಹೋದ ಚಿತ್ರ

‘ಅಜ್ಞಾತ ಮೇರುಕೃತಿ’ ಮೊದಲು 1831ರಲ್ಲಿ ‘ಲಾರ್ತಿಸ್ತ್’ ಎಂಬ ಪ್ಯಾರಿಸ್ಸಿನ ಕಲಾಪತ್ರಿಕೆಯಲ್ಲಿ ಪ್ರಕಟವಾಯಿತು. ಬಾಲ್ಜಾಕ್ ಅನಂತರವೂ ಅದನ್ನು ತಿದ್ದುತ್ತ, ಹಿಗ್ಗಿಸುತ್ತ ಹೋದರು. ಅಚ್ಚಿನ ಕರಡುಗಳನ್ನು ಮತ್ತೆ ಮತ್ತೆ ತಿದ್ದಿ ಮೊಳೆ ಜೋಡಿಸುವವರನ್ನು ಹೈರಾಣಾಗಿಸಿದ ಲೇಖಕನೇ ಇಂತಹ ಕಥೆಯನ್ನು ಬರೆದದ್ದು ಆಕಸ್ಮಿಕವೆನಿಸದು.

ಕಥೆಯ ಕಾಲ 1612. ಪೋರ್ಬುಸ್ ಎಂಬ ಹೆಸರಾಂತ ಚಿತ್ರಕಾರನ ಮನೆಗೆ ಇನ್ನೂ ಅಜ್ಞಾತನಾಗಿರುವ ತರುಣ ಪೂಸಾನ್ ಬರುತ್ತಾನೆ. ಇವರಿಬ್ಬರೂ ಚರಿತ್ರೆಯಲ್ಲಿ ಇದ್ದ ಕಲಾವಿದರು. ಅಲ್ಲಿಗೆ ಬರುವ ವೃದ್ಧ ಫ್ರೆನ್‌ಹೋಫರ್ ಮಾತ್ರ ಲೇಖಕನ ಕಲ್ಪನೆ. ಪೋರ್ಬುಸ್‌ನ ಚಿತ್ರವೊಂದಕ್ಕೆ ಕೆಲವೇ ಕುಂಚದ ಎಳೆಗಳಿಂದ ಜೀವ ತುಂಬಬಲ್ಲ ಈ ಮುದುಕ, ಒಬ್ಬಳು ಹೆಣ್ಣಿನ ಚಿತ್ರವನ್ನು ಹತ್ತು ವರ್ಷಗಳಿಂದ ಗುಟ್ಟಾಗಿ ಬರೆಯುತ್ತಿದ್ದಾನೆ. ಅದನ್ನು ಯಾರಿಗೂ ತೋರಿಸನು. ಅವನ ಪಾಲಿಗೆ ಅದು ಚಿತ್ರವಲ್ಲ, ಹೆಂಡತಿ. ಅದನ್ನು ನೋಡುವ ಆಸೆಯಿಂದ ಪೂಸಾನ್ ತನ್ನ ಪ್ರೇಯಸಿ ಜಿಲೆಟ್‌ಳನ್ನು ಮುದುಕನ ಮುಂದೆ ಮಾದರಿಯಾಗಿ ನಿಲ್ಲಲು ಒಪ್ಪಿಸುತ್ತಾನೆ. ಕೊನೆಗೂ ಬಾಗಿಲು ತೆರೆದಾಗ ಇಬ್ಬರು ಕಲಾವಿದರಿಗೂ ಕಾಣುವುದು ಬಣ್ಣಗಳ ಗೊಂದಲ, ಗೆರೆಗಳ ಗೋಜಲು. ಒಂದು ಮೂಲೆಯಲ್ಲಿ ಮಾತ್ರ ಆ ಗೊಂದಲದಿಂದ ತಪ್ಪಿಸಿಕೊಂಡ ಒಂದು ಪಾದ ಜೀವಂತವಾಗಿ ಉಳಿದಿದೆ. ಮುದುಕನಿಗೆ ಸತ್ಯ ತಿಳಿಯುತ್ತದೆ. ಕಥೆಯ ಪರಿಷ್ಕೃತ ರೂಪದಲ್ಲಿ ಅವನು ಆ ರಾತ್ರಿಯೇ ತನ್ನ ಚಿತ್ರಗಳನ್ನೆಲ್ಲ ಸುಟ್ಟು ಸಾಯುತ್ತಾನೆ.

ಈ ಕಥೆಯ ಪ್ರಭಾವ ಕಲಾಜಗತ್ತಿನಲ್ಲಿ ದೊಡ್ಡದು. ಪಿಕಾಸೊ ಅವರ ಎಚ್ಚಣೆಚಿತ್ರಗಳೊಡನೆ 1931ರಲ್ಲಿ ಅದರ ವಿಶೇಷ ಮುದ್ರಣ ಹೊರಬಂದಿತು. ಕಥೆಯ ಮೊದಲ ಪುಟದಲ್ಲಿ ಬರುವ ಗ್ರಾಂಡ್ಸ್ ಓಗಸ್ಟಿನ್ಸ್ ಬೀದಿಯಲ್ಲಿಯೇ ಅವರು ಕೆಲಸದ ಕೋಣೆಯನ್ನು ಹಿಡಿದು 1937ರಲ್ಲಿ ‘ಗೆರ್ನಿಕಾ’ವನ್ನು ರಚಿಸಿದರು. ಆದ್ದರಿಂದಲೇ ವಿಮರ್ಶೆಯ ದೃಷ್ಟಿ ಸಾಮಾನ್ಯವಾಗಿ ಫ್ರೆನ್‌ಹೋಫರ್‌ನ ಮೇಲೆಯೇ ನಿಲ್ಲುತ್ತದೆ. ಚಿತ್ರದ ಮುಂದೆ ಗಂಡಸರು ಚರ್ಚಿಸುತ್ತಿರುವಾಗ ಮೂಲೆಯಲ್ಲಿ ಅಳುತ್ತ ಕುಳಿತ ಜಿಲೆಟ್ ಹಿಂದೆ ಸರಿಯುತ್ತಾಳೆ. ತನ್ನನ್ನು ಒಂದು ಚಿತ್ರದ ದರ್ಶನಕ್ಕಾಗಿ ಅಡವಿಟ್ಟವನನ್ನು ಇನ್ನೂ ಪ್ರೀತಿಸುವುದು ನಾಚಿಕೆಗೇಡು ಎಂದು ಅವಳಿಗೆ ಅರಿವಾಗಿದೆ. ಮುದುಕ ತೆತ್ತದ್ದು ತನ್ನ ಪ್ರಾಣ. ಪೂಸಾನ್ ತೆತ್ತದ್ದು ತನ್ನದಲ್ಲದ ಒಂದು ಮಾನ. ಎರಡನೆಯದನ್ನು ಕಥೆ ಕೆಲವೇ ಮಾತುಗಳಲ್ಲಿ ಹೇಳಿ ಮುಗಿಸುತ್ತದೆ.

ಹಾಥಾರ್ನ್ ಮತ್ತು ಪೋ: ಕೆನ್ನೆಯ ಬಣ್ಣ

‘ಹುಟ್ಟುಮಚ್ಚೆ’ಯಲ್ಲಿ ಕಲಾವಿದನ ಸ್ಥಾನಕ್ಕೆ ವಿಜ್ಞಾನಿ ಬರುತ್ತಾನೆ. ಐಲ್ಮರ್‌ನ ಹೆಂಡತಿ ಜಾರ್ಜಿಯಾನಳ ಎಡಗೆನ್ನೆಯ ಮೇಲೆ ಪುಟ್ಟ ಕೈಯಾಕಾರದ ಕೆಂಪು ಮಚ್ಚೆಯಿದೆ. ಅವಳು ಹುಟ್ಟಿದಾಗ ಕಿನ್ನರಿಯೊಬ್ಬಳು ಮಗುವಿನ ಕೆನ್ನೆಯ ಮೇಲೆ ಕೈಯಿಟ್ಟಳೆಂದು ಅವಳನ್ನು ಮೆಚ್ಚಿದವರು ಹೇಳುತ್ತಿದ್ದರು. ಹೊಟ್ಟೆಕಿಚ್ಚಿನ ಹೆಂಗಸರು ಅದನ್ನೇ ರಕ್ತಸಿಕ್ತ ಕೈ ಎಂದು ಹಳಿಯುತ್ತಿದ್ದರು. ಒಂದೇ ಗುರುತಿಗೆ ಜನರು ಕಟ್ಟಿದ ಎರಡು ಐತಿಹ್ಯಗಳನ್ನು ಕಥೆಗಾರರು ಪ್ರಾರಂಭದಲ್ಲಿಯೇ ಇಟ್ಟಿರುವುದು ಗಮನಾರ್ಹ. ಜನರ ನಂಬಿಕೆಯಲ್ಲಿ ಮಚ್ಚೆಗೆ ಅರ್ಥವಿತ್ತು. ಗಂಡನ ಕಣ್ಣಿಗೆ ಅದು ದೋಷ ಮಾತ್ರ.

ಐಲ್ಮರ್ ಅದನ್ನು ತೆಗೆಯಲು ನಿರ್ಧರಿಸುತ್ತಾನೆ. ಕಥೆ ಅವನಿಗೆ ಸಾಲುಸಾಲಾಗಿ ಎಚ್ಚರಿಕೆಗಳನ್ನು ಕೊಡುತ್ತದೆ. ಕನಸಿನಲ್ಲಿ ಅವನ ಚೂರಿ ಆಳಕ್ಕೆ ಇಳಿದಷ್ಟೂ ಮಚ್ಚೆಯೂ ಆಳಕ್ಕೆ ಇಳಿದು ಅವಳ ಹೃದಯವನ್ನೇ ಹಿಡಿಯುತ್ತದೆ. ಅವನು ಬೆಳೆಸಿದ ಮಾಯೆಯ ಹೂಗಿಡ ಅವಳು ಮುಟ್ಟಿದೊಡನೆ ಇದ್ದಿಲಿನಂತೆ ಕಪ್ಪಾಗುತ್ತದೆ. ಲೋಹದ ತಗಡಿನ ಮೇಲೆ ಮೂಡಿಸಿದ ಅವಳ ಬಿಂಬದಲ್ಲಿ ಮುಖ ಮಸುಕಾಗಿ, ಕೆನ್ನೆಯಿರಬೇಕಾದಲ್ಲಿ ಕೈಯೊಂದೇ ಕಾಣುತ್ತದೆ. ಮೂರು ಎಚ್ಚರಿಕೆಗಳನ್ನೂ ಮೀರಿ ಮುನ್ನಡೆದವನಿಗೆ ಕೇಡು ತಪ್ಪದೆಂಬುದು ಜನಪದ ಕಥೆಯ ಹಳೆಯ ನಿಯಮ. ಜಾರ್ಜಿಯಾನ ಔಷಧವನ್ನು ಕುಡಿಯುತ್ತಾಳೆ. ಮಚ್ಚೆ ಮಾಯುತ್ತಿದ್ದಂತೆಯೇ ಅವಳ ಉಸಿರೂ ನಿಲ್ಲುತ್ತದೆ.

ಪೋ ಅವರ ಕಥೆಯಲ್ಲಿ ಇದೇ ವಿನಿಮಯ ಇನ್ನೂ ಬರಿದಾಗಿ ಕಾಣುತ್ತದೆ. ಚಿತ್ರಕಾರನು ತನ್ನ ತರುಣ ಪತ್ನಿಯನ್ನು ಗೋಪುರದ ಕೋಣೆಯಲ್ಲಿ ವಾರಗಟ್ಟಲೆ ಕೂರಿಸಿ ಚಿತ್ರ ಬರೆಯುತ್ತಾನೆ. ಚಿತ್ರಪಟದ ಬಣ್ಣ ಅವಳ ಕೆನ್ನೆಯಿಂದಲೇ ಇಳಿದು ಬರುತ್ತಿದೆಯೆಂಬುದು ಅವನಿಗೆ ಕಾಣುವುದಿಲ್ಲ. ಚಿತ್ರ ಮುಗಿದು ಹಿಂದಿರುಗಿ ನೋಡಿದಾಗ ಅವಳು ಸತ್ತಿದ್ದಾಳೆ. 1845ರ ಮರುಮುದ್ರಣದಲ್ಲಿ ಪೋ ಕಥೆಯ ಆರಂಭದ ಅಫೀಮಿನ ವಿವರಗಳನ್ನು ಕೈಬಿಟ್ಟು ಅದನ್ನು ಮತ್ತಷ್ಟು ಕಿರಿದಾಗಿಸಿದರು.

ಕೆನ್ನೆಯ ಮೇಲಿನ ಗುರುತನ್ನು ಕುರಿತು ನಮ್ಮ ನಾಡಿನ ತಾಯಂದಿರ ಆಚರಣೆಯೊಂದನ್ನು ಇಲ್ಲಿ ನೆನೆಯುವುದು ಉಚಿತ. ಮಗುವಿಗೆ ಎಣ್ಣೆಸ್ನಾನ ಮಾಡಿಸಿ, ಅಲಂಕರಿಸಿ, ಕೊನೆಯಲ್ಲಿ ಕೆನ್ನೆಗೋ ಹಣೆಯ ಓರೆಗೋ ಕಾಡಿಗೆಯ ದೃಷ್ಟಿಬೊಟ್ಟನ್ನು ಇಡುತ್ತಾರೆ. ಹೊಸ ಮನೆಯ ಮುಂದೆ ಬೂದುಗುಂಬಳವನ್ನು ತೂಗುಹಾಕುವುದೂ ಇದೇ ನಂಬಿಕೆಯ ಇನ್ನೊಂದು ರೂಪ. ಕುಂದಿಲ್ಲದ ಚೆಲುವಿಗೆ ಕಣ್ಣು ತಾಗುತ್ತದೆ. ಆದ್ದರಿಂದ ಒಂದು ಕುಂದನ್ನು ಬೇಕೆಂದೇ ಸೇರಿಸಬೇಕು ಎಂಬುದು ಇದರ ತರ್ಕ. ದೃಷ್ಟಿಯ ನಂಬಿಕೆಯನ್ನು ಒಪ್ಪುವುದು ಬಿಡುವುದು ಬೇರೆಯ ಮಾತು. ಈ ತರ್ಕದಲ್ಲಿ ಕುಂದು ಜೀವಕ್ಕೆ ಕಾವಲು. ಹಾಥಾರ್ನ್ ಅವರಿಗೆ ಈ ಆಚರಣೆಯ ಪರಿಚಯ ಇದ್ದಿರಬೇಕೆಂದು ಇಲ್ಲಿ ವಾದಿಸುತ್ತಿಲ್ಲ. ತಾಯಿ ಕಾಡಿಗೆಯಿಂದ ಇಡುವುದನ್ನೇ ಐಲ್ಮರ್ ಔಷಧದಿಂದ ಅಳಿಸಲು ಹೋದನೆಂಬ ಸಾಮ್ಯವೈಷಮ್ಯ ಕಥೆಯ ಅರ್ಥವನ್ನು ಬೆಳಗಿಸುತ್ತದೆ.

ಅಮೆರಿಕದ ಅಧ್ಯಕ್ಷರ ಜೈವಿಕ ನೀತಿಶಾಸ್ತ್ರ ಮಂಡಳಿಯು 2002ರ ಜನವರಿಯಲ್ಲಿ ತನ್ನ ಮೊದಲ ಸಭೆಯಲ್ಲಿಯೇ ಈ ಕಥೆಯನ್ನು ಚರ್ಚೆಗೆ ಎತ್ತಿಕೊಂಡಿತು. ಮನುಷ್ಯದೇಹವನ್ನು ತಿದ್ದಬಲ್ಲ ಶಕ್ತಿ ಕೈಗೆ ಬಂದಾಗ ಯಾವುದು ರೋಗ, ಯಾವುದು ಬರಿಯ ಗುರುತು ಎಂಬ ಪ್ರಶ್ನೆಗೆ ನೂರೈವತ್ತು ವರ್ಷಗಳಿಗೂ ಹಳೆಯದಾದ ಕಥೆಯೊಂದು ಪಠ್ಯವಾಯಿತು.

ಅಕುತಾಗಾವಾ: ಉರಿಯುವ ಬಂಡಿ

ಜಾನಪದ ಅಧ್ಯಯನಕ್ಕೆ ಹೆಚ್ಚು ಮಹತ್ವದ್ದೆನಿಸುವ ಕಥೆ ‘ನರಕದ ತೆರೆ’. ಏಕೆಂದರೆ ಇದರ ಮೂಲ ನಮಗೆ ದೊರೆತಿದೆ. ಹದಿಮೂರನೆಯ ಶತಮಾನದ ಜಪಾನೀ ಕಥಾಸಂಕಲನ ‘ಉಜಿ ಶೂಯಿ ಮೊನೊಗತಾರಿ’ಯಲ್ಲಿ ಯೊಶಿಹಿದೆ ಎಂಬ ಬೌದ್ಧ ಚಿತ್ರಕಾರನ ಕಿರುಕಥೆಯೊಂದಿದೆ. ನೆರೆಮನೆಯ ಬೆಂಕಿ ಅವನ ಮನೆಗೆ ಹಬ್ಬುತ್ತದೆ. ಹೆಂಡತಿ ಮಕ್ಕಳು ಒಳಗೇ ಇದ್ದಾರೆ. ಅವನು ಬೀದಿಯ ಆಚೆಬದಿಗೆ ನಿಂತು ತಲೆದೂಗುತ್ತ ನಗುತ್ತಾನೆ. ಸಂತೈಸಲು ಬಂದ ಜನರು ಬೆರಗಾಗಿ ಕೇಳಿದರೆ, ಫುದೊ ದೇವತೆಯ ಬೆನ್ನ ಹಿಂದಿನ ಜ್ವಾಲೆಯನ್ನು ಇಷ್ಟು ವರ್ಷ ಕೆಟ್ಟದಾಗಿ ಬರೆಯುತ್ತಿದ್ದೆ, ಬೆಂಕಿ ಉರಿಯುವ ಬಗೆ ಈಗ ತಿಳಿಯಿತು ಎನ್ನುತ್ತಾನೆ. ಮುಂದೆ ಅವನ ಫುದೊ ಚಿತ್ರ ಬಹಳ ಮೆಚ್ಚುಗೆ ಪಡೆಯಿತೆಂದು ಕಥೆ ಮುಗಿಯುತ್ತದೆ. ಹೆಂಡತಿ ಮಕ್ಕಳು ಏನಾದರೆಂದು ಅದು ಹೇಳುವುದೇ ಇಲ್ಲ.

ಅಕುತಾಗಾವಾ ಅವರ ಕಥೆ ಈ ಮೌನದಿಂದ ಹುಟ್ಟಿದ್ದು. 1918ರ ಅವರ ಕಥೆಯಲ್ಲಿ ಆಕಸ್ಮಿಕದ ಬೆಂಕಿ ಆಜ್ಞೆಯ ಬೆಂಕಿಯಾಗುತ್ತದೆ. ಹೊರಿಕಾವಾ ಪ್ರಭು ನರಕದ ದೃಶ್ಯಗಳಿರುವ ಮಡಿಕೆತೆರೆಯೊಂದನ್ನು ಬರೆಯಲು ಯೊಶಿಹಿದೆಗೆ ಅಪ್ಪಣೆ ಕೊಡುತ್ತಾನೆ. ಕಣ್ಣಾರೆ ಕಾಣದ್ದನ್ನು ಬರೆಯಲಾರದ ಚಿತ್ರಕಾರ, ಶಿಷ್ಯನನ್ನು ಸರಪಳಿಯಲ್ಲಿ ಕಟ್ಟಿ, ಇನ್ನೊಬ್ಬನ ಮೇಲೆ ಗೂಬೆಯನ್ನು ಬಿಟ್ಟು ಚಿತ್ರಿಸುತ್ತಾನೆ. ಕೊನೆಗೆ, ಕುಲೀನ ಸ್ತ್ರೀಯೊಬ್ಬಳು ಒಳಗಿರುವಂತೆ ಉರಿಯುವ ಬಂಡಿಯನ್ನು ನೋಡಬೇಕೆನ್ನುತ್ತಾನೆ. ಪ್ರಭು ಒಪ್ಪುತ್ತಾನೆ. ಬಂಡಿಯ ತೆರೆ ಸರಿದಾಗ ಒಳಗೆ ಸರಪಳಿಯಲ್ಲಿರುವವಳು ಚಿತ್ರಕಾರನ ಒಬ್ಬಳೇ ಮಗಳು. ಅವಳನ್ನು ಹಚ್ಚಿಕೊಂಡಿದ್ದ ಸಾಕುಕೋತಿ ಬೆಂಕಿಗೆ ಹಾರುತ್ತದೆ. ತಂದೆಯ ಮುಖದ ಸಂಕಟ ಕ್ರಮೇಣ ಅಳಿದು ಅಲ್ಲಿ ಒಂದು ಬೆಳಗು ಮೂಡುತ್ತದೆ. ತೆರೆಯನ್ನು ಮುಗಿಸಿ ಒಪ್ಪಿಸಿದ ಮರುರಾತ್ರಿ ಅವನು ನೇಣು ಹಾಕಿಕೊಳ್ಳುತ್ತಾನೆ.

ಇದನ್ನೆಲ್ಲ ಹೇಳುವವನು ಪ್ರಭುವಿನ ಸೇವಕ. ಒಡೆಯನಿಗೆ ಆ ಹುಡುಗಿಯ ಮೇಲೆ ಕೆಟ್ಟ ಕಣ್ಣಿರಲಿಲ್ಲವೆಂದು ಅವನು ಪದೇ ಪದೇ ಹೇಳುತ್ತಾನೆ. ಹೇಳಿದಷ್ಟೂ ಓದುಗನ ಸಂದೇಹ ಬಲಿಯುತ್ತದೆ. ಕಲೆಯ ಗೀಳಿನ ಹಿಂದೆ ಅಧಿಕಾರದ ಕ್ರೌರ್ಯ ಅಡಗಿ ನಿಲ್ಲುವ ರೀತಿಯನ್ನು ಇಷ್ಟು ಖಚಿತವಾಗಿ ತೋರಿಸಿದ ಕಥೆಗಳು ವಿರಳ. ಹಳೆಯ ಕಥೆ ಬಿಟ್ಟ ಮೌನವನ್ನು ಹೊಸ ಕಥೆ ಸುಳ್ಳುಸಾಕ್ಷಿಯ ಬಾಯಿಂದ ತುಂಬಿಸಿದೆ.

ಹಾಡು ನೆನೆಯುವ ಹೆಸರು

ಇಲ್ಲಿಯವರೆಗೆ ನೋಡಿದ ರಚನೆಗೆ ಮೌಖಿಕ ಪರಂಪರೆಯಲ್ಲಿ ಹತ್ತಿರದ ನೆಂಟ ‘ಅಡಿಪಾಯದ ಬಲಿ’ ಎಂಬ ಆಶಯ. ಸ್ಟಿತ್ ಥಾಮ್ಸನ್ ಅವರ ಆಶಯಸೂಚಿಯಲ್ಲಿ ಇದರ ಸಂಖ್ಯೆ ಎಸ್ 261. ಬಾಲ್ಕನ್ ಪ್ರದೇಶದ ಲಾವಣಿಗಳಲ್ಲಿ ಇದು ಬಹುವಾಗಿ ದೊರೆಯುತ್ತದೆ. ರುಮೇನಿಯದ ‘ಮೇಸ್ತ್ರಿ ಮನೋಲೆ’ಯ ಲಾವಣಿಯಲ್ಲಿ ಎಣೆಯಿಲ್ಲದ ಮಠವೊಂದನ್ನು ಕಟ್ಟಬೇಕಾದ ಮೇಸ್ತ್ರಿ, ಹಗಲು ಕಟ್ಟಿದ್ದು ರಾತ್ರಿ ಕುಸಿಯುವುದನ್ನು ತಡೆಯಲು ತನ್ನ ಹೆಂಡತಿಯನ್ನೇ ಗೋಡೆಯೊಳಗೆ ಇಟ್ಟು ಕಟ್ಟುತ್ತಾನೆ. ಇದಕ್ಕಿಂತ ಚೆಲುವಾದುದನ್ನು ಕಟ್ಟಬಲ್ಲೆವೆಂದು ಮೇಸ್ತ್ರಿಗಳು ಹೇಳಿದ್ದಕ್ಕೆ ದೊರೆ ಅವರನ್ನು ಛಾವಣಿಯ ಮೇಲೆಯೇ ಬಿಟ್ಟು ಏಣಿಗಳನ್ನು ತೆಗೆಸುತ್ತಾನೆ. ಮನೋಲೆ ಬಿದ್ದ ಜಾಗದಲ್ಲಿ ನೀರಿನ ಸೆಲೆ ಉಕ್ಕುತ್ತದೆ. ಅಲನ್ ಡಂಡೆಸ್ ಅವರು 1996ರಲ್ಲಿ ಈ ಲಾವಣಿಯ ಬಾಲ್ಕನ್ ಹಾಗೂ ಭಾರತೀಯ ರೂಪಗಳನ್ನು ಕುರಿತ ಲೇಖನಗಳನ್ನು ಒಂದೇ ಸಂಪುಟದಲ್ಲಿ ತಂದಿದ್ದಾರೆ.

ಕನ್ನಡದ ‘ಕೆರೆಗೆ ಹಾರ’ ಇದೇ ಕುಲಕ್ಕೆ ಸೇರಿದ್ದು. ಅಲ್ಲಿ ಬೇಕಾದದ್ದು ನೀರು, ಚೆಲುವಲ್ಲ; ಈ ವ್ಯತ್ಯಾಸವನ್ನು ಮರೆಯಬಾರದು. ಆದರೆ ಹಾಡು ನಡೆಯುವ ರೀತಿಯನ್ನು ಗಮನಿಸಬೇಕು. ಮಲ್ಲನಗೌಡನ ಕೆರೆಗೆ ಕಿರಿಯ ಸೊಸೆ ಭಾಗೀರಥಿಯನ್ನು ಆರಿಸಿದ ಮೇಲೆ ಹಾಡು ಅವಳ ಜೊತೆಯನ್ನು ಬಿಡುವುದಿಲ್ಲ. ಅವಳು ತವರಿಗೆ ಹೋಗುವುದು, ಹೇಳಲಾರದೆ ಹೇಳುವುದು, ಪೂಜೆ ಮುಗಿಸಿ ಬರುವಾಗ ನೀರು ಪಾದದಿಂದ ಮೇಲೇರುವುದು ಎಲ್ಲವೂ ಒಂದೊಂದೇ ಮೆಟ್ಟಿಲಾಗಿ ಬರುತ್ತದೆ. ದಂಡಿನಿಂದ ಬಂದ ಗಂಡ ಮಾದೇವರಾಯ ಅದೇ ಕೆರೆಗೆ ಹಾರುತ್ತಾನೆ. ಹಾಡು ಬಲಿಯನ್ನು ತಡೆಯಲಿಲ್ಲ, ನಿಜ. ಆದರೆ ಊರು ಯಾರ ಪ್ರಾಣದ ಮೇಲೆ ನೀರು ಕುಡಿಯುತ್ತಿದೆಯೆಂಬುದನ್ನು ಮುಚ್ಚಿಡಲಿಲ್ಲ. ಪೋ ಅವರ ಕಥೆಯ ಪತ್ನಿಗೆ ಹೆಸರೇ ಇಲ್ಲ. ಅಕುತಾಗಾವಾ ಅವರ ಕಥೆಯ ಮಗಳಿಗೂ ಇಲ್ಲ. ಭಾಗೀರಥಿಗೆ ಹೆಸರಿದೆ.

ಜಕಣಾಚಾರಿಯ ಐತಿಹ್ಯ ಇನ್ನೊಂದು ಬಗೆಯ ಉತ್ತರವನ್ನು ಕೊಡುತ್ತದೆ. ಬೇಲೂರಿನ ಶಿಲ್ಪಗಳ ಬರಹಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರ ಹೆಸರುಗಳು ಕಾಣುತ್ತವೆ. ಜಕಣನಾದರೋ ಜನರ ಬಾಯಲ್ಲಿ ಬೆಳೆದವನು. ತಾನು ಕಡೆದ ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದು ಅಪರಿಚಿತ ಬಾಲಕನೊಬ್ಬ ಹೇಳಿದಾಗ, ಅದು ನಿಜವಾದರೆ ಬಲಗೈಯನ್ನು ಕಡಿದುಕೊಳ್ಳುವೆನೆಂದು ಅವನು ಪಂಥ ಕಟ್ಟುತ್ತಾನೆ. ಮೈಗೆಲ್ಲ ಹಚ್ಚಿದ ಗಂಧ ಹೊಕ್ಕುಳ ಬಳಿ ಮಾತ್ರ ಒಣಗದೆ ಉಳಿದು, ಅಲ್ಲಿ ಉಳಿ ಇಟ್ಟಾಗ ನೀರಿನೊಡನೆ ಕಪ್ಪೆ ಹೊರಬರುತ್ತದೆ. ಶಿಲ್ಪಿ ತನ್ನ ಕೈಯನ್ನು ತಾನೇ ಕಡಿದುಕೊಳ್ಳುತ್ತಾನೆ. ಬಾಲಕ ಅವನ ಮಗ ಡಂಕಣ. ಮುಂದೆ ಹುಟ್ಟೂರಿನಲ್ಲಿ ಗುಡಿ ಕಟ್ಟಿದಾಗ ಕೈ ಮರಳಿ ಬಂದು, ಊರಿಗೆ ಕೈದಾಳ ಎಂಬ ಹೆಸರಾಯಿತೆನ್ನುತ್ತಾರೆ. ಈ ಐತಿಹ್ಯದಲ್ಲಿ ಹಟ ಹಿಡಿದವನೇ ಬೆಲೆ ತೆರುತ್ತಾನೆ. ದೋಷವಿರುವ ವಿಗ್ರಹವನ್ನು ಒಡೆದುಹಾಕದೆ ‘ಕಪ್ಪೆ ಚೆನ್ನಿಗರಾಯ’ ಎಂದು ಜನ ಕರೆದು ಉಳಿಸಿಕೊಳ್ಳುತ್ತಾರೆ.

ಸಂಗ್ರಾಹಕನ ಕೈ

ಈ ವಿವೇಚನೆ ಜಾನಪದ ವಿದ್ವಾಂಸರನ್ನೂ ಮುಟ್ಟದೆ ಬಿಡದು. ನಮ್ಮ ಶಾಸ್ತ್ರದ ಚರಿತ್ರೆಯಲ್ಲಿಯೂ ಒಬ್ಬ ಐಲ್ಮರ್ ಇದ್ದಾನೆ. ಗ್ರಿಮ್ ಸಹೋದರರ ಕಥಾಸಂಗ್ರಹ 1812ರಿಂದ 1857ರ ನಡುವೆ ಏಳು ಆವೃತ್ತಿಗಳನ್ನು ಕಂಡಿತು. ಆವೃತ್ತಿಯಿಂದ ಆವೃತ್ತಿಗೆ ವಿಲ್ಹೆಲ್ಮ್ ಗ್ರಿಮ್ ಮಾತನ್ನು ನಯಗೊಳಿಸಿದರು, ಒರಟನ್ನು ತೆಗೆದರು. ಬಟ್ಟೆ ಬಿಗಿಯಾಗುತ್ತಿದೆ ಏಕೆಂದು ಮುಗ್ಧವಾಗಿ ಕೇಳಿ ತನ್ನ ಬಸಿರನ್ನು ಬಯಲುಮಾಡುತ್ತಿದ್ದ ರಪುಂಜಲ್, ಮುಂದಿನ ಆವೃತ್ತಿಗಳಲ್ಲಿ ಆ ಮಾತನ್ನು ಕಳೆದುಕೊಂಡಳು. ಅವರು ಮಿತ್ರ ಬ್ರೆಂಟಾನೊಗೆ ಕಳುಹಿಸಿದ್ದ 1810ರ ಹಸ್ತಪ್ರತಿ ಉಳಿದುಬಂದ ಕಾರಣ ತಿದ್ದುಪಡಿಯ ಪ್ರಮಾಣ ಇಂದು ನಮಗೆ ತಿಳಿಯುತ್ತದೆ. ಆ ಸಂಗ್ರಹ ಜಗತ್ತನ್ನೇ ಗೆದ್ದಿತು. ಅದರ ಹಿಂದೆ ಹೇಳುಗರ ಧ್ವನಿ ಮಸುಕಾಯಿತು.

ಇದಕ್ಕೆ ಪ್ರತಿಯಾದ ಮಾದರಿ ಕರ್ನಾಟಕದ ನೆಲದಲ್ಲಿಯೇ ಇದೆ. ಫಿನ್ಲೆಂಡಿನ ಲೌರಿ ಹೊಂಕೊ ಅವರು ಚಿನ್ನಪ್ಪ ಗೌಡ, ವಿವೇಕ ರೈ ಮತ್ತು ಅನೆಲಿ ಹೊಂಕೊ ಅವರೊಂದಿಗೆ 1998ರಲ್ಲಿ ಪ್ರಕಟಿಸಿದ ತುಳು ‘ಸಿರಿ’ ಮಹಾಕಾವ್ಯವು ಗೋಪಾಲ ನಾಯ್ಕರ ಗಾಯನವನ್ನು 15,683 ಸಾಲುಗಳಲ್ಲಿ ದಾಖಲಿಸಿದೆ. ಹಾಡುಗಾರನ ಪುನರುಕ್ತಿಗಳನ್ನು ದೋಷವೆಂದು ಬಗೆದು ಅಲ್ಲಿ ಕಳೆದಿಲ್ಲ. ಹಲವು ಪಾಠಗಳನ್ನು ಬೆಸೆದು ‘ಶುದ್ಧಪಾಠ’ವೊಂದನ್ನು ಕಟ್ಟುವ ಆಸೆ ಸಂಗ್ರಾಹಕನಿಗೆ ಸಹಜ. ಹಾಗೆ ಕಟ್ಟಿದ್ದು ಓದಲು ಸೊಗಸಾಗಿರಬಹುದು. ಯಾರೂ ಎಂದೂ ಹಾಗೆ ಹಾಡಿರುವುದಿಲ್ಲ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಪರಿಪೂರ್ಣತೆಗೆ ಬಲಿ ಬೇಕೆಂಬ ಆಶಯವನ್ನು ಶ್ರೇಷ್ಠ ಸಣ್ಣಕಥೆಗಳು ಮೌಖಿಕ ಪರಂಪರೆಯೊಡನೆ ಹಂಚಿಕೊಂಡಿವೆ. ಜನಪದದಲ್ಲಿ ಬಲಿ ಊರಿನ ಕಣ್ಣೆದುರು ನಡೆಯುತ್ತದೆ, ಹಾಡು ಅದಕ್ಕೆ ಸಾಕ್ಷಿಯಾಗುತ್ತದೆ. ಸಣ್ಣಕಥೆಯಲ್ಲಿ ಅದು ಮುಚ್ಚಿದ ಬಾಗಿಲಿನ ಹಿಂದೆ, ಗೋಪುರದ ಕೋಣೆಯಲ್ಲಿ, ಪ್ರಯೋಗಶಾಲೆಯಲ್ಲಿ ನಡೆಯುತ್ತದೆ. ಸಾಕ್ಷಿಯ ಹೊಣೆ ಓದುಗನ ಮೇಲೆ ಬೀಳುತ್ತದೆ. ಚಿತ್ರ ಚೆನ್ನಾಗಿದೆಯೇ ಎಂದು ಮಾತ್ರ ಕೇಳಿ ಪುಟ ಮಗುಚುವ ಓದುಗ ಬೀದಿಯಾಚೆ ನಿಂತು ನಕ್ಕ ಯೊಶಿಹಿದೆಯಿಂದ ಹೆಚ್ಚು ದೂರದಲ್ಲಿಲ್ಲ. ಬೆಂಕಿಯೊಳಗೆ ಯಾರಿದ್ದರೆಂದು ಕೇಳುವುದನ್ನು ಕಲಿಸಿದ್ದು ನಮ್ಮ ಹಾಡುಗಳು. ಆ ಪ್ರಶ್ನೆಯನ್ನು ಈ ಕಥೆಗಳ ಮುಂದೆಯೂ, ನಮ್ಮ ಸಂಪಾದಿತ ಪಾಠಗಳ ಮುಂದೆಯೂ ಇಡಬೇಕಾದುದು ಅಧ್ಯಯನದ ಕರ್ತವ್ಯ.